ತರಗತಿಗೊಂದು ಫಸ್ಟ್ ಏಡ್ ಬಾಕ್ಸ್: ಅರ್ಧ ಸಾಮಾನು ನಾನೇ ತೆಗೆದಿಟ್ಟೆ

ಶಾಲೆಗಳಿಗೆ ಅಂತಲೇ ಮಾರುವ ಫಸ್ಟ್ ಏಡ್ ಬಾಕ್ಸ್ ಇದು. ನಮ್ಮಲ್ಲಿ ಪ್ರತಿ ತರಗತಿಗೂ, ಆಟದ ಮೈದಾನಕ್ಕೂ, ಆಫೀಸಿಗೂ ಒಂದೊಂದು ತರಿಸಿದ್ದಾರೆ. ನಾನು ಅಲ್ಲಿಯ ನರ್ಸ್. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಥರದ ಬೇರೆ ಬಾಕ್ಸ್‌ಗಳನ್ನೂ ನೋಡಿದ್ದೇನೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಇದೇ ಇರುತ್ತದೆ. ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಸಾಮಾನು ಕಳಪೆ ಅಂತಲ್ಲ. ತರಗತಿಯಲ್ಲಿ ಇರಬಾರದ ವಸ್ತುಗಳೇ ಇದರಲ್ಲಿ ಜಾಸ್ತಿ ಇವೆ, ಅದಕ್ಕೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಮಗು ಬಿದ್ದಾಗ ಪಕ್ಕದಲ್ಲಿ ಇರುವವರು ಟೀಚರ್, ನಾನಲ್ಲ. ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯುವುದು, ಸುಟ್ಟಿದ್ದರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಸುವುದು, ಫಿಟ್ಸ್ ಬಂದರೆ ಬಾಯಿಗೆ ಏನೂ ತುರುಕದೆ, ಕೈಕಾಲು ಅದುಮದೆ, ಸುತ್ತಲಿನ ಬೆಂಚು ಸರಿಸಿ ಗಡಿಯಾರ ನೋಡುತ್ತಿರುವುದು, ಉಸಿರು ನಿಂತಿದ್ದರೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದು, ಶುರು ಮಾಡುವುದು, ಇದಕ್ಕೆಲ್ಲ ಯಾರೂ ನನ್ನ ದಾರಿ ಕಾಯಬಾರದು. ಅಷ್ಟು ಮಾಡಿದ ಟೀಚರಿಗೆ ನಾನು ಕೈ ಮುಗಿಯುತ್ತೇನೆ. ನನಗೆ ಸಂಕಟ ಆಗುವುದು ಅದರಾಚೆಗೆ ನಡೆಯುವುದಕ್ಕೆ. ಗಾಯಕ್ಕೆ ಬಣ್ಣದ ಔಷಧಿ ಬಳಿದು, "ಏನೂ ಆಗಿಲ್ಲ, ಏಳು" ಅಂತ ಎಬ್ಬಿಸಿ ನಡೆಸಿ, ಮನೆಯವರಿಗೆ ಫೋನ್ ಮಾಡಿ "ಸಣ್ಣ ಪೆಟ್ಟು, ಗಾಬರಿ ಬೇಡ" ಅಂತ ಹೇಳಿ ಮುಗಿಸಿ, ಆಮೇಲೆ ಮಗುವನ್ನು ನನ್ನ ಹತ್ತಿರ ಕಳಿಸುತ್ತಾರೆ. ಕೆಲವು ಸಲ ಕಳಿಸುವುದೂ ಇಲ್ಲ. ಈ ಬಾಕ್ಸ್ ಬಂದ ಮೇಲೆ ಅದು ಇನ್ನೂ ಜಾಸ್ತಿ ಆಯಿತು. ಕೈಗೆ ಸಿಕ್ಕಿದ್ದನ್ನು ಜನ ಬಳಸಿಯೇ ಬಳಸುತ್ತಾರೆ, ಅಲ್ವಾ? ಸ್ಪ್ರೇ ಇಟ್ಟರೆ ಸ್ಪ್ರೇ ಹೊಡೆಯುತ್ತಾರೆ.

ಆ ನೋವಿನ ಸ್ಪ್ರೇಯಿಂದಲೇ ಶುರು ಮಾಡುತ್ತೇನೆ. ಮೈದಾನದ ಬಾಕ್ಸ್‌ನಲ್ಲಿ ಮೊದಲು ಖಾಲಿಯಾಗುವುದು ಅದೇ. ಹುಡುಗಿ ಓಡುವಾಗ ಕಾಲು ಉಳುಕಿಸಿಕೊಂಡಳು, ಪಿಟಿ ಸರ್ ಸ್ಪ್ರೇ ಹೊಡೆದರು, ನೋವು ಸ್ವಲ್ಪ ಇಳಿಯಿತು, ಅವಳು ಮತ್ತೆ ಓಡಿದಳು. ನನ್ನ ಹತ್ತಿರ ಬರುವಾಗ ಪಾದ ಊದಿಕೊಂಡು ಶೂ ಬಿಚ್ಚಲು ಆಗುತ್ತಿರಲಿಲ್ಲ. ಪಾದದ ಗಂಟಿಗೆ ಪೆಟ್ಟಾದಾಗ ಎಕ್ಸ್‌ರೇ ಬೇಕಾ ಬೇಡವಾ ಅಂತ ನೋಡಲು ಒಟ್ಟಾವಾ ನಿಯಮ ಅಂತ ಒಂದಿದೆ, ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಮುಖ್ಯವಾಗಿ ನೋಡುವುದು ಎರಡು. ಗಂಟಿನ ಮೂಳೆಯ ಅಂಚಿನ ಮೇಲೆ ಒತ್ತಿದರೆ ನೋಯುತ್ತದಾ, ಪೆಟ್ಟಾದ ಕೂಡಲೇ ಮತ್ತು ಈಗ ನಾಲ್ಕು ಹೆಜ್ಜೆ ಇಡಲು ಆಗುತ್ತದಾ. ಎರಡಕ್ಕೂ ಉತ್ತರ ಹೇಳುವುದು ನೋವು. ಆ ನೋವನ್ನೇ ಮುಚ್ಚಿಬಿಟ್ಟರೆ ನಾನು ಏನನ್ನು ನೋಡಲಿ? ಮಗುವಿನ ನೋವು ಕಡಿಮೆ ಮಾಡಬೇಕು ಅನ್ನುವ ಮನಸ್ಸು ಒಳ್ಳೆಯದೇ. ಆದರೆ ಮೊದಲು ಆಟ ನಿಲ್ಲಿಸಿ ಕೂರಿಸಬೇಕು, ಕಾಲು ಎತ್ತರದಲ್ಲಿ ಇಡಬೇಕು, ನನ್ನನ್ನು ಅಲ್ಲಿಗೇ ಕರೆಯಬೇಕು. ಅಷ್ಟು ಸಾಕು.

ಬೆರಳಿನ ಕಥೆ ಇನ್ನೂ ಬೇಸರದ್ದು. ಚೆಂಡು ತಗುಲಿ ಬೆರಳು ಓರೆಯಾದರೆ ಎಳೆದು ಕೂರಿಸುವ ಅಭ್ಯಾಸ ಕೆಲವರಿಗೆ ಇದೆ. ಬಾಕ್ಸ್‌ನಲ್ಲಿ ಬೆರಳಿನ ಸ್ಪ್ಲಿಂಟ್ (ಅಲ್ಲಾಡದಂತೆ ಆಸರೆಗೆ ಕಟ್ಟುವ ಪಟ್ಟಿ) ಕೂಡ ಇರುವುದರಿಂದ ಎಳೆದು, ಕಟ್ಟಿ, ಕ್ಲಾಸಿಗೆ ಕಳಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಬೆಳೆಯುವ ಮಕ್ಕಳ ಮೂಳೆಯ ತುದಿಯ ಹತ್ತಿರ ಮೃದು ಎಲುಬಿನ ಪದರ ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಕೀಲು ತಪ್ಪಿದ ಹಾಗೆ ಕಾಣುವ ಬೆರಳಿನಲ್ಲಿ ಅಲ್ಲೇ ಮುರಿತ ಆಗಿರಬಹುದು. ಎಳೆದರೆ ಅದು ಇನ್ನಷ್ಟು ಸರಿಯಬಹುದು, ಮುಂದೆ ಬೆರಳು ಸೊಟ್ಟ ಬೆಳೆಯಲೂಬಹುದು. ಎಕ್ಸ್‌ರೇ ಇಲ್ಲದೆ ನಾನೇ ಎಳೆಯುವುದಿಲ್ಲ. ಹೇಗಿದೆಯೋ ಹಾಗೇ ಅಲ್ಲಾಡದಂತೆ ಆಸರೆ ಕೊಟ್ಟು ಆಸ್ಪತ್ರೆಗೆ ಕಳಿಸುತ್ತೇನೆ.

ಇನ್ನು ಐಸ್ ಪ್ಯಾಕ್. ಹಿಂಡಿದರೆ ತಣ್ಣಗಾಗುವ ಥರದ್ದು. ಒಳಗೆ ನೀರಿನ ಚಿಕ್ಕ ಚೀಲ, ಸುತ್ತ ಯೂರಿಯಾ ಅಥವಾ ಅಮೋನಿಯಂ ನೈಟ್ರೇಟ್ ಹರಳು. ಚೀಲ ಒಡೆದು ಹರಳು ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಫ್ರಿಜ್ ಬೇಡ, ಅದು ಅನುಕೂಲ. ಪ್ಯಾಕ್ ಗಟ್ಟಿಯಾಗಿದೆ, ಸೋರಿದ್ದು ನಾನು ನೋಡಿಲ್ಲ. ಬರಿ ಚರ್ಮದ ಮೇಲೆ ಇಟ್ಟರೆ ಚರ್ಮ ಸುಡುತ್ತದೆ ಅನ್ನುವ ಎಚ್ಚರಿಕೆ ಮಾತ್ರ ಹಿಂಬದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿದೆ. ಬಟ್ಟೆ ಸುತ್ತಿಯೇ ಇಡಬೇಕು, ಒಂದು ಸಲಕ್ಕೆ 20 ನಿಮಿಷ ದಾಟಬಾರದು.

ನನ್ನ ತಕರಾರು ಇದರ ಗುಣಮಟ್ಟದ ಬಗ್ಗೆ ಅಲ್ಲ. ಶಾಲೆಯಲ್ಲಿ ಐಸ್ ಅನ್ನುವುದು ಎಲ್ಲದಕ್ಕೂ ಮದ್ದು ಆಗಿಬಿಟ್ಟಿದೆ. ಹೊಟ್ಟೆನೋವಿಗೂ ಐಸ್, ಅಳುವಿಗೂ ಐಸ್. ತಲೆಗೆ ಪೆಟ್ಟು ಬಿದ್ದ ಮಗುವಿನ ಕೈಗೆ ಪ್ಯಾಕ್ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಕೇಳಿದರೆ "ಐಸ್ ಇಟ್ಟಿದ್ದೀವಿ ಸಿಸ್ಟರ್, ಸರಿಹೋಗಿದೆ" ಅನ್ನುತ್ತಾರೆ. ಐಸ್ ಇಳಿಸುವುದು ಹೊರಗಿನ ಊತವನ್ನು. ತಲೆಬುರುಡೆಯ ಒಳಗೆ ಏನಾಗಿದೆ ಅಂತ ಅದು ಹೇಳುವುದಿಲ್ಲ. ಪೆಟ್ಟಿಗೆ ಮಿದುಳು ಅಲುಗಿದ ಲಕ್ಷಣಗಳು ಕೆಲವು ಸಲ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ತಲೆನೋವು ಏರುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಮಂಪರು, ಕೇಳಿದ್ದನ್ನೇ ಕೇಳುವುದು, ನಡೆಯುವಾಗ ವಾಲುವುದು. ಇದನ್ನೆಲ್ಲ ಗಮನಿಸಲು ಒಬ್ಬರು ಬೇಕು, ಪೆಟ್ಟು ಬಿದ್ದ ಸಮಯ ಗೊತ್ತಿರಬೇಕು, ಮನೆಯವರಿಗೂ ಸರಿಯಾಗಿ ತಿಳಿಸಿರಬೇಕು. ಪ್ರಜ್ಞೆ ತಪ್ಪಿಲ್ಲ ಅಂದಮಾತ್ರಕ್ಕೆ ಏನೂ ಆಗಿಲ್ಲ ಅಂತ ಅರ್ಥವಲ್ಲ. ಅನುಮಾನ ಇದ್ದರೆ ಅವತ್ತು ಆಟಕ್ಕೆ ವಾಪಸ್ ಬಿಡುವ ಹಾಗೇ ಇಲ್ಲ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಗಾಯ ತೊಳೆಯಲು ಬಾಕ್ಸ್‌ನಲ್ಲಿ ಇಟ್ಟಿರುವುದು ಹೈಡ್ರೋಜನ್ ಪೆರಾಕ್ಸೈಡ್. ನೊರೆ ಬರುತ್ತದೆ, ಮಕ್ಕಳಿಗೂ ಟೀಚರಿಗೂ ಕೆಲಸ ಆಗುತ್ತಿದೆ ಅನ್ನಿಸುತ್ತದೆ. ಆದರೆ ಅದು ಗಾಯ ವಾಸಿ ಮಾಡಬೇಕಾದ ಒಳ್ಳೆಯ ಜೀವಕೋಶಗಳನ್ನೂ ಹಾಳು ಮಾಡುತ್ತದೆ. ಮೊಣಕಾಲು ತರಚಿದರೆ ಹರಿಯುವ ಶುದ್ಧ ನೀರು ಸಾಕು, ಸುತ್ತಲಿನ ಚರ್ಮಕ್ಕೆ ಸ್ವಲ್ಪ ಸೋಪು. ಜೊತೆಗೆ ಕಂದು ಬಣ್ಣದ ಅಯೋಡಿನ್ ಸೀಸೆಯೂ ಇದೆ. ಅದನ್ನು ಧಾರಾಳವಾಗಿ ಬಳಿದ ಮೇಲೆ ಗಾಯ ಎಷ್ಟು ಆಳ, ಅಂಚು ಕೆಂಪಾಗಿದೆಯಾ, ಒಳಗೆ ಕಲ್ಲಿನ ಚೂರು ಉಳಿದಿದೆಯಾ ಅಂತ ನನಗೆ ಕಾಣುವುದಿಲ್ಲ. ಮತ್ತೆ ತೊಳೆಯಬೇಕು. ಒಮ್ಮೆ ಅತ್ತು ಸುಮ್ಮನಾದ ಮಗು ನನ್ನ ಕೈಯಲ್ಲಿ ಎರಡನೇ ಸಲ ಅಳುತ್ತದೆ. ಹತ್ತಿಯ ಸುರುಳಿಯೂ ಅಷ್ಟೇ, ಎಳೆಗಳು ಗಾಯಕ್ಕೆ ಅಂಟಿಕೊಂಡು ಚಿಮುಟದಿಂದ ಒಂದೊಂದಾಗಿ ಬಿಡಿಸಬೇಕಾಗುತ್ತದೆ. ಪಕ್ಕದಲ್ಲೇ ಒಳ್ಳೆಯ ಸ್ಟೆರೈಲ್ ಗಾಜ್ (ಗಾಯದ ಮೇಲಿಡುವ ಕ್ರಿಮಿರಹಿತ ಜಾಳು ಬಟ್ಟೆ) ಇಟ್ಟಿರುವಾಗ ಹತ್ತಿ ಯಾಕೆ ಬೇಕಿತ್ತು?

ಇದೆಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಮುಚ್ಚಳದ ಒಳಗೆ ಅಂಟಿಸಿದ ಸೂಚನೆಯ ಹಾಳೆ ನೋಡಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಿ ಅಂತ ಚಿತ್ರ ಸಮೇತ ಹಾಕಿದ್ದಾರೆ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ, ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಎಷ್ಟು ರಕ್ತ ಹೋಯಿತು ಅಂತಲೂ ತಿಳಿಯುವುದಿಲ್ಲ. ಮುಂದಕ್ಕೆ ಬಾಗಿಸಿ ಕೂರಿಸಬೇಕು, ಮೂಗಿನ ಮೆದು ಭಾಗವನ್ನು ಒತ್ತಿ ಹಿಡಿದು ಬಾಯಿಯಿಂದ ಉಸಿರಾಡಿಸಬೇಕು, 10 ನಿಮಿಷ ಬಿಡದೆ. ನಡುನಡುವೆ ಬಿಟ್ಟು ನಿಂತಿತಾ ಅಂತ ನೋಡಬಾರದು. ನಾನು ಬಂದು ತಲೆ ಮುಂದಕ್ಕೆ ಬಾಗಿಸಿದರೆ "ಹಾಳೆಯಲ್ಲಿ ಹೀಗಿದೆಯಲ್ಲ ಸಿಸ್ಟರ್" ಅನ್ನುತ್ತಾರೆ. ಅಚ್ಚಾದ ಚಿತ್ರಕ್ಕೆ ಇರುವ ಬೆಲೆ ನನ್ನ ಮಾತಿಗೆ ಇಲ್ಲ ಅಂದರೆ ಎಷ್ಟು ನೋವಾಗುತ್ತದೆ ಗೊತ್ತಾ? ಎಲ್ಲ ಬಾಕ್ಸ್‌ಗಳಿಂದಲೂ ಆ ಹಾಳೆ ಕಿತ್ತು ನಾನೇ ಬರೆದದ್ದನ್ನು ಅಂಟಿಸಿದ್ದೇನೆ.

ಇರಬೇಕಿದ್ದ ಒಂದು ವಸ್ತು ಮಾತ್ರ ಇಲ್ಲವೇ ಇಲ್ಲ. ಮುಚ್ಚಳ ಇರುವ ಒಂದು ಚಿಕ್ಕ ಡಬ್ಬಿ, ಉದುರಿದ ಹಲ್ಲಿಗೆ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬಿಳಿ ಭಾಗದಲ್ಲಿ ಹಿಡಿಯಬೇಕು, ಬೇರು ಮುಟ್ಟಬಾರದು, ಉಜ್ಜಬಾರದು. ಆಗುವುದಾದರೆ ಅದೇ ಜಾಗದಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ ದಂತ ವೈದ್ಯರ ಹತ್ತಿರ ಓಡಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ಒಯ್ಯಬೇಕು, ನೀರಿನಲ್ಲಿ ಅಲ್ಲ. ಮೊದಲ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ, ಅಷ್ಟರೊಳಗೆ ಹಲ್ಲು ಉಳಿಯುವ ಆಸೆ ಜಾಸ್ತಿ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು, ಕೆಳಗೆ ಬರುವ ಹಲ್ಲಿಗೆ ಪೆಟ್ಟಾಗುತ್ತದೆ. ನನ್ನ ಹತ್ತಿರ ಹಲ್ಲು ಬರುವುದು ಹೇಗೆ ಅಂದರೆ, ನಲ್ಲಿಯ ಕೆಳಗೆ ಚೆನ್ನಾಗಿ ತಿಕ್ಕಿ, ಒಣಗಿಸಿ, ಟಿಶ್ಯೂ ಕಾಗದದಲ್ಲಿ ಸುತ್ತಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೆ ಬೇರಿನ ಮೇಲಿನ ಜೀವಕೋಶಗಳು ಅಷ್ಟು ಹೊತ್ತಿಗೆ ಸತ್ತಿರುತ್ತವೆ.

ಒಳ್ಳೆಯದನ್ನೂ ಹೇಳಬೇಕು. ಕೈಗವಸು ಚೆನ್ನಾಗಿವೆ, ಹರಿಯುವುದಿಲ್ಲ. ತ್ರಿಕೋನ ಬಟ್ಟೆ ದೊಡ್ಡದಾಗಿದೆ, ಕೈಗೆ ಜೋಳಿಗೆ ಕಟ್ಟಲು ಸಾಕಾಗುತ್ತದೆ. ಕತ್ತರಿ ಮಾತ್ರ ಮೊಂಡು, ಸರಿಯಾಗಿ ಕತ್ತರಿಸುವುದಿಲ್ಲ. ಪ್ಲಾಸ್ಟರ್ ಬೆವರಿದ ಚರ್ಮದ ಮೇಲೆ ನಿಲ್ಲುವುದಿಲ್ಲ. ಕ್ರೇಪ್ ಬ್ಯಾಂಡೇಜ್ ಒಳ್ಳೆಯದೇ, ಆದರೆ ಬಿಗಿಯಾಗಿ ಕಟ್ಟಿ ಬೆರಳು ನೀಲಿಯಾಗಿ ಬಂದದ್ದು ನೋಡಿದ್ದೇನೆ, ಅದಕ್ಕೇ ಅದನ್ನು ನನ್ನ ಕೋಣೆಗೆ ತಂದಿಟ್ಟುಕೊಂಡೆ. ಇಡೀ ಬಾಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಚೀಟಿ ಪುಸ್ತಕ. ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ ಬಿದ್ದದ್ದು, ಯಾರು ನೋಡಿದರು, ಏನು ಮಾಡಿದಿರಿ ಅಂತ ಬರೆಯಲು ಜಾಗ ಇದೆ. ಆ ಚೀಟಿ ಹಿಡಿದು ಬಂದ ಮಗುವನ್ನು ನೋಡುವುದು ಎಷ್ಟು ಸುಲಭ! ಗಾಯಕ್ಕೆ ಏನು ಹಚ್ಚಿದ್ದಾರೋ, ಮಾತ್ರೆ ಏನಾದರೂ ಕೊಟ್ಟಿದ್ದಾರೋ ಅಂತ ಮಗುವನ್ನು ವಿಚಾರಣೆ ಮಾಡುವ ಕಷ್ಟ ಇಲ್ಲ. ಮಾತ್ರೆ ಅಂದಾಗ ನೆನಪಾಯಿತು, ಆಫೀಸಿನ ಬಾಕ್ಸ್‌ನಲ್ಲಿ ಆಸ್ಪಿರಿನ್ ಇತ್ತು. ವೈದ್ಯರು ಹೇಳದೆ 16 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವ ಹಾಗಿಲ್ಲ, ರೇ ಸಿಂಡ್ರೋಮ್ ಅಂತ ಮಿದುಳಿಗೂ ಲಿವರಿಗೂ ಅಪಾಯ ತರುವ ಕಾಯಿಲೆಯ ಭಯ ಇದೆ. ಶಾಲೆಗೆ ಅಂತ ಮಾರುವ ಬಾಕ್ಸ್‌ನಲ್ಲಿ ಅದು ಹೇಗೆ ಬಂತು ಅಂತ ಕಂಪನಿಗೆ ಬರೆದು ಕೇಳಿದ್ದೇನೆ.

ಸಾಮಾನು ತೆಗೆಯುವಾಗ ಕೆಲವರಿಗೆ ಬೇಸರವಾಯಿತು. ನಮ್ಮ ಮೇಲೆ ನಂಬಿಕೆ ಇಲ್ಲವಾ ಅಂತ ಒಬ್ಬ ಮೇಡಂ ನೇರವಾಗಿಯೇ ಕೇಳಿದರು. ನಂಬಿಕೆ ಇರುವುದಕ್ಕೇ ಕೈಗವಸು, ಗಾಜ್, ತ್ರಿಕೋನ ಬಟ್ಟೆ, ಒಂದು ಐಸ್ ಪ್ಯಾಕ್, ಚೀಟಿ ಪುಸ್ತಕ ಬಿಟ್ಟಿದ್ದೇನೆ ಮೇಡಂ ಅಂದೆ. ರಕ್ತ ನಿಲ್ಲಿಸಲು, ಮಗುವನ್ನು ಅಲ್ಲಾಡದಂತೆ ಇಡಲು, ನಾನು ಬರುವವರೆಗೆ ಕಾಯಲು ಅಷ್ಟು ಬೇಕು. ಅದಕ್ಕಿಂತ ಹೆಚ್ಚಿನದು ಬೇಕಾದರೆ ನನ್ನ ಕೋಣೆ ಇದೆ. ಕುತ್ತಿಗೆ ನೋಯುತ್ತಿದೆ ಅನ್ನುವ ಮಗುವನ್ನು ನಾನು ಅಲ್ಲಾಡಿಸಬೇಡಿ ಅಂದ ಮೇಲೂ ಪಾಪ ನೆಲ ಗಟ್ಟಿ ಅಂತ ಎತ್ತಿ ಕುರ್ಚಿಯಲ್ಲಿ ಕೂರಿಸಿದವರನ್ನು ಕಂಡಿದ್ದೇನೆ. ಅವತ್ತಿನ ಭಯ ಇನ್ನೂ ಹೋಗಿಲ್ಲ.

ಶಾಲೆಗೆ ಇದನ್ನು ಕೊಳ್ಳುವವರು ನೀವಾಗಿದ್ದರೆ, ಆರ್ಡರ್ ಕೊಡುವ ಮೊದಲು ನಿಮ್ಮ ನರ್ಸ್ ಹತ್ತಿರ ಒಳಗಿನ ಪಟ್ಟಿ ತೋರಿಸಿ. ಸಾಮಾನನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಲು ಬಿಡುವ ಕಂಪನಿಯಾದರೆ ಸ್ಪ್ರೇ, ಪೆರಾಕ್ಸೈಡ್, ಹತ್ತಿ, ಮಾತ್ರೆ ಬೇಡ ಅಂತ ಬರೆದುಕೊಡಿ, ಆ ಜಾಗದಲ್ಲಿ ಗಾಜ್ ಜಾಸ್ತಿ ಹಾಕಿಸಿ, ಹಲ್ಲಿನ ಡಬ್ಬಿ ಕೇಳಿ. ಗಾಜ್ ಪೊಟ್ಟಣದ ಮೇಲಿನ ಮುಗಿಯುವ ತಾರೀಕನ್ನೂ ನೋಡಿಕೊಳ್ಳಿ, ನಮಗೆ ಬಂದ ಬಾಕ್ಸ್‌ಗಳಲ್ಲಿ ಕೆಲವು ಆಗಲೇ ಮುಗಿಯುವ ಹಂತದಲ್ಲಿದ್ದವು.