ಎರಡು ರೆಡ್ ಸ್ಪೆಷಲ್, ಒಂದು ಜಿ ತಂತಿ

ಮೊದಲೇ ಹೇಳಿಬಿಡುತ್ತೇನೆ, ಅಗ್ಗದ್ದಕ್ಕೆ ಆಸೆಪಟ್ಟು ಕೈ ಸುಟ್ಟುಕೊಂಡವನು ನಾನು. ಈಗ ಮನೆಯಲ್ಲಿರುವುದು ಬ್ರಯಾನ್ ಮೇ ಗಿಟಾರ್ಸ್ ಕಂಪನಿಯ ರೆಡ್ ಸ್ಪೆಷಲ್ ಎಂಬ ಎಲೆಕ್ಟ್ರಿಕ್ ಗಿಟಾರ್. ಅದಕ್ಕೆ ಮುಂಚೆ ಇದ್ದದ್ದು ಅದೇ ಆಕಾರದ, ಅದೇ ಕೆಂಪು ಬಣ್ಣದ, 190 ಪೌಂಡಿನ ಒಂದು ನಕಲು. ಅದರ ಹೆಸರು ಬೇಡ ಬಿಡಿ.

ನಾನಿರುವುದು ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ. ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಸೇರಿ ಅಸಲಿ ಗಿಟಾರ್ ಮಾಡಲು ಕೂತ ಫೆಲ್ಟಮ್ ಇಲ್ಲೇ ಹತ್ತಿರ. ಹಳೆ ಬೆಂಕಿಗೂಡಿನ ಮರದಿಂದ ಕತ್ತು, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳಿಂದ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಗುರುತಿಸುವ ಚುಕ್ಕೆಗಳು, ಹಳೇ ಮೋಟರ್‌ಸೈಕಲ್ಲಿನ ಸ್ಪ್ರಿಂಗು. ಈ ಕಥೆ ಕೇಳಿ ಯಾರಿಗೆ ಆಸೆಯಾಗಲ್ಲ ಹೇಳಿ?

ನಕಲಿನಲ್ಲಿ ನನ್ನ ಪ್ರಾಣ ತಿಂದದ್ದು ಜಿ ತಂತಿ, ಅಂದರೆ ಜಿ ಸ್ವರದ ಮೂರನೇ ತಂತಿ. ಟ್ರೆಮೊಲೊ ಕೈ (ಸ್ವರ ಇಳಿಸಿ ಏರಿಸುವ ಲೋಹದ ಹಿಡಿ) ಒತ್ತಿದಾಗ ತಂತಿ ಸಡಿಲವಾಗಿ, ಬಿಟ್ಟಾಗ ಜಾರಿ ವಾಪಸ್ ಬರಬೇಕು. ಇದು ಪ್ಲಾಸ್ಟಿಕ್ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸೀಳಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ‘ಟಿಂಕ್’ ಅಂತ ಸಣ್ಣ ಸದ್ದು, ಶ್ರುತಿ ಒಂದು ಕೂದಲೆಳೆ ಮೇಲೆ. ಬೆರಳಿನಿಂದ ತಂತಿ ಎಳೆದು ಬೆಂಡ್ ಮಾಡಿದರೆ ಕೆಳಗೆ. ಒಂದು ಹಾಡು ಮುಗಿಯುವಷ್ಟರಲ್ಲಿ ಮೂರು ಸಲ ಗಿಟಾರಿನ ಕಿವಿ ಹಿಂಡಿ ಶ್ರುತಿ ಸರಿಮಾಡಬೇಕು.

ಪೆನ್ಸಿಲ್ ಸೀಸ ಉಜ್ಜಿದೆ. ಎರಡು ದಿನ ಚೆನ್ನಾಗಿತ್ತು. ಆಮೇಲೆ ಉಪ್ಪುಕಾಗದ ಮಡಿಸಿ ಸೀಳನ್ನು ನಾನೇ ತೀಡಿದೆ. ಜಾಸ್ತಿ ಆಯಿತು. ತಂತಿ ಇಳಿದು ಮೊದಲ ಫ್ರೆಟ್ಟಿಗೆ ತಾಗಿ ಜುಂಯ್ ಅನ್ನತೊಡಗಿತು. ಕೊನೆಗೆ ರಿಪೇರಿಯವನಿಗೆ 35 ಪೌಂಡ್ ಕೊಟ್ಟು ನಟ್ ಬದಲಾಯಿಸಿದೆ. ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಮೇ ಕಂಪನಿಯದ್ದರಲ್ಲಿ ಅಸಲಿಯಂತೆ ಝೀರೋ ಫ್ರೆಟ್ ಇದೆ. ತಂತಿ ಕೂರುವುದು ಲೋಹದ ಫ್ರೆಟ್ ಮೇಲೆ, ನಟ್ ಇರುವುದು ತಂತಿಗಳನ್ನು ಸಾಲಾಗಿ ಹಿಡಿದಿಡಲು ಮಾತ್ರ. ಟ್ರೆಮೊಲೊ ಕೈ ಪೂರ್ತಿ ಒತ್ತಿ ಬಿಟ್ಟರೂ ನನ್ನದರಲ್ಲಿ ಜಿ ತೆಪ್ಪಗೆ ತನ್ನ ಜಾಗಕ್ಕೆ ಬರುತ್ತದೆ. ಮೊದಲ ದಿನ ಸುಮ್ನೆ ಅದನ್ನೇ ಹತ್ತು ಸಲ ಮಾಡಿ ನೋಡಿದೆ.

ನಾದ? ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದೊಂದಕ್ಕೂ ಎರಡೆರಡು ಸ್ವಿಚ್: ಒಂದು ಆನ್-ಆಫ್, ಇನ್ನೊಂದು ಫೇಸ್ ತಿರುಗಿಸಲು, ಅಂದರೆ ಆ ಪಿಕಪ್ಪಿನ ಸಂಕೇತವನ್ನು ತಲೆಕೆಳಗು ಮಾಡಲು. ಪಿಕಪ್‌ಗಳು ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿ) ಇರುವುದರಿಂದ ಎರಡು ಹಾಕಿದರೆ ದನಿ ದಪ್ಪ, ಫೇಸ್ ತಿರುಗಿಸಿದರೆ ಮೂಗಿನಲ್ಲಿ ಹಾಡಿದ ಹಾಗೆ. ನನ್ನ ನಕಲಿನಲ್ಲಿ ವೈರಿಂಗ್ ಪ್ಯಾರಲಲ್ (ಅಕ್ಕಪಕ್ಕ ಜೋಡಣೆ), ಫೇಸ್ ತಿರುಗಿಸಿದರೆ ಸೊಳ್ಳೆ ದನಿ. ಆರೂ ಸ್ವಿಚ್ ಕೈಗೆ ಹತ್ತಲು ಒಂದು ವಾರ ಬೇಕು. ಮೊದಲ ರಾತ್ರಿ ಮೂರೂ ಪಿಕಪ್ ಆಫ್ ಮಾಡಿಕೊಂಡು ಕೇಬಲ್ ಕೆಟ್ಟಿದೆ ಅಂತ ಬೈದುಕೊಂಡಿದ್ದೆ.

24 ಇಂಚಿನ ಸ್ಕೇಲ್ (ತಂತಿಯ ಮೀಟುವ ಭಾಗದ ಉದ್ದ), ನನ್ನ ಗಿಡ್ಡ ಬೆರಳಿಗೆ ಸುಖ. ಮೇ ನುಡಿಸುವಂತೆ ಆರು ಪೆನ್ನಿ ನಾಣ್ಯದಲ್ಲೂ ಮೀಟಿ ನೋಡಿದೆ, ಪಿಕ್ಕೇ ವಾಸಿ.

ಸೆಕೆಂಡ್ ಹ್ಯಾಂಡ್‌ನಲ್ಲಿ 480 ಪೌಂಡ್ ಕೊಟ್ಟೆ, ಪೆಟ್ಟಿಗೆ ಇರಲಿಲ್ಲ. ಮಗಳು ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ನುಡಿಸಲು ನನಗೆ ಸಿಗುವುದು ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಶ್ರುತಿ ಕೂಡಿಸಲು ಹೋದರೆ ಹೇಗೆ? ಟ್ರೆಮೊಲೊ ಮುಟ್ಟದವರಿಗೆ, ಒಂದೇ ಪಿಕಪ್ ಸಾಕು ಅನ್ನುವವರಿಗೆ, ನಕಲೂ ನಡೆಯುತ್ತದೆ. ನನ್ನದನ್ನು ಸಹೋದ್ಯೋಗಿಯ ಮಗನಿಗೆ ಜಿ ತಂತಿಯ ಕಥೆ ಹೇಳಿಯೇ ಮಾರಿದೆ. ಅವನು ಟ್ರೆಮೊಲೊ ಕೈಯನ್ನು ಅಲ್ಲೇ ಬಿಚ್ಚಿ ನನಗೇ ಕೊಟ್ಟುಹೋದ. ಇನ್ನೂ ಅಡುಗೆಮನೆ ಡ್ರಾಯರ್‌ನಲ್ಲಿ ಚಮಚಗಳ ಜೊತೆ ಬಿದ್ದಿದೆ.