ದರೋಜಿಯ ಕರಡಿಯೋ, ರಂಗನತಿಟ್ಟಿನ ಕೊಕ್ಕರೆಯೋ? ಎರಡು ದಿನದ ನಡಿಗೆಗೆ ನನ್ನ ಆಯ್ಕೆ

ಈ ಚಳಿಗಾಲದಲ್ಲಿ ಎರಡು ವಾರಾಂತ್ಯಗಳನ್ನು ನಡಿಗೆಗೆಂದೇ ಎತ್ತಿಟ್ಟಿದ್ದೆ. ಜನವರಿಯಲ್ಲಿ ಹಂಪಿ ಮತ್ತು ದರೋಜಿ, ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣ ಮತ್ತು ರಂಗನತಿಟ್ಟು. ಎರಡೂ ಸಲ ಜೊತೆಗೆ ಬಂದವರು ತಂಗಿ ಮತ್ತು ಅವಳ ಹತ್ತು ವರ್ಷದ ಮಗ. ಎರಡೂ ಕಡೆ ಆಸೆ ಒಂದೇ. ಹಳೆಯ ಕೋಟೆ, ಗುಡಿಗಳ ನಡುವೆ ಕಾಲು ನೋಯುವಷ್ಟು ನಡೆಯಬೇಕು, ಕತ್ತಲಾಗುವುದರೊಳಗೆ ಕಾಡಿನ ಜೀವಗಳನ್ನೂ ಕಣ್ಣಾರೆ ನೋಡಬೇಕು.

ಬೆಂಗಳೂರಿನಿಂದ ಹೊರಡುವವರು ಯಾವುದಕ್ಕೆ ಹೋಗಲಿ ಅಂತ ಕೇಳಿದರೆ, ಬರೀ ಎರಡು ದಿನ ಇದ್ದರೆ ಶ್ರೀರಂಗಪಟ್ಟಣ ಅನ್ನುತ್ತೇನೆ. ಹಂಪಿ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಹಾಳುಬಿದ್ದ ಊರಿನ ಚೆಲುವಿನಲ್ಲಿ ಹಂಪಿಗೆ ಸಮ ಯಾವುದೂ ಇಲ್ಲ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ನಾವು ಹುಡುಕುತ್ತಿದ್ದದ್ದು ಹಾಳು ಗೋಡೆ ಮತ್ತು ಪ್ರಾಣಿ ಎರಡನ್ನೂ ಒಂದೇ ನಡಿಗೆಯಲ್ಲಿ.

ಮೊದಲು ಹಂಪಿಯದ್ದನ್ನೇ ಹೇಳುತ್ತೇನೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆವು. ಮೊದಲ ದಿನ ವಿರೂಪಾಕ್ಷ ಗುಡಿಯಿಂದ ಹಳೆಯ ಬಜಾರದ ಬೀದಿ ಹಿಡಿದು, ಕೋದಂಡರಾಮನ ಗುಡಿಯ ಪಕ್ಕದಲ್ಲಿ ಹೊಳೆಯ ದಂಡೆಗೆ ಇಳಿದು, ಅಚ್ಯುತರಾಯನ ಗುಡಿ, ತುಲಾಭಾರದ ಕಂಬ ದಾಟಿ ವಿಠ್ಠಲನ ಗುಡಿಗೆ ಹೋದೆವು. ದೂರ ಹೆಚ್ಚೇನಿಲ್ಲ, ಎರಡು ಕಿಲೋಮೀಟರ್ ಆಸುಪಾಸು. ನಮಗೆ ಅರ್ಧ ದಿನ ಬೇಕಾಯಿತು. ಪ್ರತಿ ಬಂಡೆಯ ಹಿಂದೆ ಒಂದು ಮಂಟಪ, ಪ್ರತಿ ತಿರುವಿನಲ್ಲಿ ಒಂದು ಕೆತ್ತನೆ. ಹುಡುಗ ಪ್ರತಿ ಕಂಬವನ್ನೂ ಮುಟ್ಟಿ ನೋಡುತ್ತಿದ್ದ. ಬಾಳೆತೋಟಗಳ ಪಕ್ಕದಲ್ಲಿ ನೀರು ಹರಿಯುತ್ತಿತ್ತು. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಇಲ್ಲಿನ ಗದ್ದೆ, ತೋಟಗಳಿಗೆ ನೀರುಣಿಸುತ್ತದೆ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಕಾಲುವೆ ಮಾತ್ರ ಉಳಿಯಿತು. ಆ ನೀರಿನ ಪಕ್ಕ ಕೂತು ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದದ್ದು ನನಗೆ ಗುಡಿಗಳಷ್ಟೇ ನೆನಪಿದೆ.

ಮಾರನೇ ದಿನ ಕತ್ತಲಿರುವಾಗಲೇ ಮಾತಂಗ ಬೆಟ್ಟ ಹತ್ತಿದೆವು. ಮೇಲೆ ಹೋಗಿ ಕೂತಾಗ ಕೆಳಗೆ ಅಚ್ಯುತರಾಯನ ಗುಡಿ ಮಂಜಿನಲ್ಲಿ ಮುಳುಗಿತ್ತು. ಬಿಸಿಲು ಬಂದ ಹಾಗೆ ಗೋಪುರ ಒಂದೊಂದು ಅಂತಸ್ತಾಗಿ ಮೇಲೆದ್ದು ಬಂತು. ಅಷ್ಟು ಹೊತ್ತು ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ತೊಡಕು ಶುರುವಾದದ್ದು ಮಧ್ಯಾಹ್ನ. ದರೋಜಿ ಕರಡಿಧಾಮ ಹಂಪಿಯಿಂದ ಸುಮಾರು 15 ಕಿ.ಮೀ. ಅದು ನಡೆದು ನೋಡುವ ಜಾಗ ಅಲ್ಲ. ಕರಡಿ ಇರುವ ಕಡೆ ಕಾಲ್ನಡಿಗೆ ಬೇಡವೂ ಬೇಡ. ವೀಕ್ಷಣಾ ಗೋಪುರ ಹತ್ತಿ, ಎದುರಿನ ಬಂಡೆಗುಡ್ಡದ ಮೇಲೆ ಕಣ್ಣಿಟ್ಟು ಸದ್ದಿಲ್ಲದೆ ಕೂರಬೇಕು. ನೋಡಲು ಬಿಡುವುದೇ ಮಧ್ಯಾಹ್ನದ ನಂತರ. ನಾವು ಗೊತ್ತು ಮಾಡಿದ್ದ ಆಟೋ ಒಂದೂವರೆ ಗಂಟೆ ತಡವಾಗಿ ಬಂತು. ಗೋಪುರ ಮುಟ್ಟುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದದ್ದು ಒಂದೇ ಗಂಟೆ.

ಆ ಒಂದು ಗಂಟೆಯಲ್ಲಿ ಕಂಡದ್ದು ಮಾತ್ರ ಮರೆಯುವಂಥದ್ದಲ್ಲ. ಮೊದಲು ನವಿಲು ಬಂದವು, ಆಮೇಲೆ ಮುಂಗುಸಿ. ಬಂಡೆಗಳ ಸಂದಿಯಿಂದ ಒಂದು ಕಪ್ಪು ಮುದ್ದೆ ಹೊರಳಿದ ಹಾಗೆ ಕಂಡಿತು. ತಾಯಿ ಕರಡಿ. ಅದರ ಬೆನ್ನ ಮೇಲೆ ಮರಿ. ನಮ್ಮ ಕರಡಿಗಳು ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತೇ ತಿರುಗುತ್ತವೆ. ಹುಡುಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿದ್ದರು, ತಾಯಿ ಅದನ್ನು ನೆಕ್ಕುತ್ತಾ ಅಲ್ಲೇ ನಿಂತಿತ್ತು. ಇದು ನನಗೆ ಪೂರ್ತಿ ಹಿಡಿಸಲಿಲ್ಲ. ಗೆದ್ದಲ ಹುತ್ತ ಬಗೆದು, ಬಾರೆ ಹಣ್ಣು ಹುಡುಕಿ ಬದುಕುವ ಪ್ರಾಣಿ ನಮ್ಮ ಕಣ್ಣಿಗೆ ಬೀಳಲೆಂದು ಬೆಲ್ಲದ ಹತ್ತಿರ ಬರಬೇಕಾ? ಹಾಗಂತ ಈ ಕುರುಚಲು ಕಾಡನ್ನು 1994ರಲ್ಲಿ ಕರಡಿಧಾಮ ಮಾಡದೇ ಇದ್ದಿದ್ದರೆ ಈ ಗುಡ್ಡಗಳ ಗತಿ ಏನಾಗುತ್ತಿತ್ತೋ ಅನ್ನುವುದೂ ಮನಸ್ಸಿಗೆ ಬಂತು. ಒಂದು ಮಾತು ಮರೆಯಬೇಡಿ, ಬೈನಾಕ್ಯುಲರ್ ಇಲ್ಲದೆ ದರೋಜಿಗೆ ಹೋಗಬೇಡಿ. ಬರಿಗಣ್ಣಿಗೆ ಬೆನ್ನ ಮೇಲಿನ ಮರಿ ಕಾಣುವುದಿಲ್ಲ.

ತುಂಗಭದ್ರೆಯಲ್ಲಿ ನೀರುನಾಯಿಗಳೂ ಇವೆ. ಹೊಳೆಯ 34 ಕಿ.ಮೀ. ಭಾಗವನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಮಗೆ ಕಾಣಲಿಲ್ಲ. ದಂಡೆಯಲ್ಲಿ ಕಾದು ಕೂರಲು ಹೊತ್ತೂ ಇರಲಿಲ್ಲ. ಹೊಳೆಯಾಚೆಯ ಹಳೆಯ ಊರು ಆನೆಗೊಂದಿಯೂ ಬಿಟ್ಟುಹೋಯಿತು. ಎರಡು ದಿನದಲ್ಲಿ ಹಂಪಿ ಮುಗಿಯುವುದಿಲ್ಲ ಅನ್ನುವುದು ಹೀಗೆ ಗೊತ್ತಾಯಿತು.

ಶ್ರೀರಂಗಪಟ್ಟಣದ ದಾರಿ ಸಲೀಸು. ಬೆಳಗಿನ ರೈಲಿಗೆ ಹೊರಟರೆ ಕೋಟೆಯೊಳಗೇ ಇಳಿಯಬಹುದು. ಇಲ್ಲಿನ ರೈಲು ಹಳಿ ಹೋಗುವುದೇ ಕೋಟೆಯನ್ನು ಸೀಳಿಕೊಂಡು. ಎರಡನೇ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಇದನ್ನು ಕೇಳಿದ ಮೇಲೆ ಹುಡುಗನಿಗೆ ಬೇರೆ ಯಾವ ಕಟ್ಟಡವೂ ಬೇಡವಾಯಿತು.

ಇಲ್ಲಿನ ಅವಶೇಷಗಳು ಹಂಪಿಯ ಹಾಗೆ ಕಣ್ಣು ತುಂಬುವುದಿಲ್ಲ. ಟಿಪ್ಪುವಿನ ಅರಮನೆಯಾಗಿದ್ದ ಲಾಲ್ ಮಹಲಿನ ಜಾಗದಲ್ಲಿ ಉಳಿದಿರುವುದು ಅಡಿಪಾಯದಂಥ ಕಲ್ಲುಗಳಷ್ಟೇ. ಸುತ್ತ ಮನೆಗಳು, ಅಂಗಡಿಗಳು, ದನಕರು. ಆದರೆ ಕೋಟೆಯ ಗೋಡೆ ಹಿಡಿದು ಪಡುವಣ ಮೂಲೆಗೆ ನಡೆದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. 1799ರ ಮೇ 4ರಂದು ಇಂಗ್ಲಿಷರ ಸೇನೆ ಕಾವೇರಿ ದಾಟಿ, ಒಡೆದ ಗೋಡೆಯ ಮೂಲಕ ಒಳನುಗ್ಗಿದ್ದು ಇಲ್ಲೇ. ಮಳೆ ಬಂದು ಹೊಳೆ ತುಂಬಿದ್ದರೆ ದಾಟುವುದು ಕಷ್ಟವಾಗುತ್ತಿತ್ತು. ಅದಕ್ಕೇ ಅವರಿಗೆ ಅಷ್ಟು ಅವಸರ. ಗೋಡೆಯ ಮೇಲಿಂದ ನೋಡಿದಾಗ ನೀರು ಇಳಿದು ಬಂಡೆಗಳು ಎದ್ದಿದ್ದವು, ಒಂದು ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಆಗಲೇ ನನಗೆ ಅನ್ನಿಸಿದ್ದು, ಇಲ್ಲಿ ಇತಿಹಾಸಕ್ಕೂ ಹಕ್ಕಿಗೂ ಇರುವುದು ಒಂದೇ ಹೊಳೆ.

ಅಲ್ಲಿಂದ ರಂಗನತಿಟ್ಟಿಗೆ ನಡೆದೇ ಹೋದೆವು, ಒಂದು ಗಂಟೆಯ ದಾರಿ. ಮೊದಲರ್ಧ ವಾಹನಗಳ ಗಲಾಟೆ ಜಾಸ್ತಿ, ಮಗುವಿನ ಕೈ ಬಿಡುವ ಹಾಗಿಲ್ಲ. ಆಮೇಲೆ ಗದ್ದೆ, ಕಬ್ಬು, ಕಾಲುವೆ. ರಂಗನತಿಟ್ಟಿನ ತಿಟ್ಟುಗಳು ಹುಟ್ಟಿದ ಬಗೆ ಗೊತ್ತಲ್ವಾ? ರಣಧೀರ ಕಂಠೀರವ ನರಸರಾಜ ಒಡೆಯರು 1640ರ ದಶಕದಲ್ಲಿ ಕಾವೇರಿಗೆ ಒಡ್ಡು ಕಟ್ಟಿಸಿದರು. ನೀರು ನಿಂತಾಗ ನಡುವೆ ಸಣ್ಣ ಸಣ್ಣ ದ್ವೀಪಗಳು ಉಳಿದವು. ಹಕ್ಕಿಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರು ಅದನ್ನು ಗುರುತಿಸಿ ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಶನಿವಾರ ಮಧ್ಯಾಹ್ನ ದೋಣಿಗೆ ಉದ್ದ ಸಾಲು, ಜೋರು ಮಾತು, ಕೂಗಾಟ. ವಾಪಸ್ ಬಂದುಬಿಟ್ಟೆವು. ಭಾನುವಾರ ಬಾಗಿಲು ತೆಗೆಯುವ ಹೊತ್ತಿಗೇ ಹೋದಾಗ ಜಾಗವೇ ಬೇರೆ ಅನ್ನಿಸಿತು. ಹುಟ್ಟಿನ ಸದ್ದು ಬಿಟ್ಟರೆ ಹಕ್ಕಿಗಳದ್ದೇ ಸದ್ದು. ಬಣ್ಣದ ಕೊಕ್ಕರೆಗಳು ಮರಿಗಳಿಗೆ ಉಣಿಸುತ್ತಿದ್ದವು. ಹೆಜ್ಜಾರ್ಲೆಗಳು ತಲೆಯ ಮೇಲೆಯೇ ಹಾರಿಹೋದವು. ಬಾಯಿಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಯಾಕೆ ಸಂದಿ ಇದೆ, ಅದು ಬಸವನಹುಳು ತಿನ್ನುವುದು ಹೇಗೆ ಅಂತ ದೋಣಿಯವರು ಹುಡುಗನಿಗೆ ತಾಳ್ಮೆಯಿಂದ ಹೇಳಿದರು. ಗೂಡಿನ ಮರದ ಕೆಳಗೇ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಬೈನಾಕ್ಯುಲರ್ ಚೀಲದಿಂದ ಹೊರಗೇ ಬರಲಿಲ್ಲ.

ಅದೇ ಮಧ್ಯಾಹ್ನ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನೋಡಿಕೊಂಡು, ಅವನ ಸಮಾಧಿ ಇರುವ ಗುಂಬಜ್‌ವರೆಗೆ ನಡೆದು, ಸಂಜೆಯ ರೈಲಿಗೆ ಸುಸ್ತಿಲ್ಲದೆ ಹತ್ತಿದೆವು. ಇಲ್ಲಿ ಯಾವುದನ್ನೂ ಬಿಟ್ಟು ಬರುವ ಸಂಕಟ ಇರಲಿಲ್ಲ.

ಕಾಲ ನೋಡಿಕೊಂಡು ಹೊರಡಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಗೂಡು, ಮರಿ ನೋಡಲು ಜನವರಿಯಿಂದ ಏಪ್ರಿಲ್ ಒಳ್ಳೆಯದು. ಹಂಪಿಯ ಬಂಡೆಗಳು ಮಾರ್ಚಿನಿಂದಲೇ ಕಾದ ಹೆಂಚಿನ ಹಾಗಿರುತ್ತವೆ, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನಡೆಯಲು ಆಗದ ಹಿರಿಯರು ಜೊತೆಗಿದ್ದರೂ ಶ್ರೀರಂಗಪಟ್ಟಣವೇ ವಾಸಿ. ಮೂರು ದಿನ ರಜೆ ಸಿಕ್ಕರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಬರುವ ಡಿಸೆಂಬರಿಗೆ ಹಂಪಿಗೆ ಮೂರು ದಿನ ಎತ್ತಿಟ್ಟಿದ್ದೇವೆ. ಒಂದು ಇಡೀ ಮಧ್ಯಾಹ್ನ ದರೋಜಿಯ ಗೋಪುರಕ್ಕೆ, ಒಂದು ಬೆಳಗು ನೀರುನಾಯಿಗೆ, ಆನೆಗೊಂದಿಗೆ ಒಂದು ದಿನ. ಬೆನ್ನ ಮೇಲಿದ್ದ ಮರಿ ಈಗ ಎಷ್ಟು ದೊಡ್ಡದಾಗಿರಬಹುದು ಅಂತ ಹುಡುಗ ಈಗಿನಿಂದಲೇ ಕೇಳುತ್ತಿದ್ದಾನೆ.