ಸಂಧಿವಾತದ ಕೈಗಳಿಗೆ ಆಕ್ಯುಪೇಶನಲ್ ಥೆರಪಿ: ಮೈಸೂರಿನ ಒಂದು ವಿಭಾಗದ ಸೇವೆ

ರುಮಟಾಯ್ಡ್ ಸಂಧಿವಾತವಿರುವ ನಮ್ಮ ತಾಯಿಯವರಿಗೆ ಔಷಧಿ, ಫಿಸಿಯೋಥೆರಪಿ ಎರಡೂ ನಡೆಯುತ್ತಿದ್ದರೂ, ದಿನನಿತ್ಯದ ಯಾವ ಕೆಲಸದಲ್ಲಿ ಕೈ ಸೋಲುತ್ತಿದೆ ಎಂಬುದನ್ನು ಯಾರೂ ವಿವರವಾಗಿ ಕೇಳಿರಲಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಆಕ್ಯುಪೇಶನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ವಿಭಾಗದಲ್ಲಿ ಚಿಕಿತ್ಸೆ ಆರಂಭವಾದದ್ದೇ ಆ ಪ್ರಶ್ನೆಯಿಂದ.

ಕುಕ್ಕರಿನ ಮುಚ್ಚಳ ತೆಗೆಯುವುದು, ಚಪಾತಿ ಹಿಟ್ಟು ನಾದುವುದು, ಸೀರೆಯ ನೆರಿಗೆ ಹಿಡಿಯುವುದು ಎಂದು ತಾಯಿಯವರು ಹೇಳಿದ ಕೆಲಸಗಳನ್ನೆಲ್ಲ ಬರೆದುಕೊಂಡು, ಪ್ರತಿಯೊಂದನ್ನೂ ಎಷ್ಟು ಚೆನ್ನಾಗಿ ಮಾಡಬಲ್ಲಿರಿ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರವರೆಗೆ ಅವರಿಂದಲೇ ಅಂಕ ಕೊಡಿಸಿದರು. ಕೆನಡಾದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಗುರಿಯನ್ನು ನಿರ್ಧರಿಸುವವರು ರೋಗಿಯೇ. ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ ಇದು.

ಈ ಕಾಯಿಲೆಯಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುವ ಸಂಭವವಿರುವುದರಿಂದ, ಆ ದಿಕ್ಕಿಗೆ ಒತ್ತಡ ಬೀಳದಂತೆ ಪಾತ್ರೆಯನ್ನು ಎರಡೂ ಅಂಗೈಗಳಿಂದ ಎತ್ತುವುದನ್ನೂ, ಒದ್ದೆ ಬಟ್ಟೆಯನ್ನು ಬೆರಳುಗಳಿಂದ ಹಿಂಡದೆ ನಲ್ಲಿಗೆ ಸುತ್ತಿ ತಿರುಚುವುದನ್ನೂ ಕಲಿಸಿದರು. ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆಯನ್ನು ಕೈಯ ಮೇಲೆಯೇ ಅಚ್ಚುಗೊಳಿಸಿ ಮಣಿಕಟ್ಟಿಗೆ ಸ್ಪ್ಲಿಂಟ್ (ಕೀಲಿಗೆ ಆಸರೆ ಕೊಡುವ ಪಟ್ಟಿ) ಮಾಡಿಕೊಟ್ಟರು.

ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಕೆಲಸದ ಹಂಚಿಕೆ. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ, ಮರುದಿನ ಹಾಸಿಗೆ ಹಿಡಿಯುವುದು ತಾಯಿಯವರ ರೂಢಿಯಾಗಿತ್ತು; ದೀರ್ಘಕಾಲದ ನೋವಿರುವ ಬಹಳ ಜನರಲ್ಲಿ ಇದೇ ಚಕ್ರ ಕಾಣುತ್ತದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ನೋವು ಯಾವಾಗ ಏರಿತು ಎಂದು ಬರೆದಿಡಲು ಹೇಳಿದ ಥೆರಪಿಸ್ಟ್, ಆ ಬರವಣಿಗೆಯನ್ನು ನೋಡಿ, ನೋವು ಏರುವ ಮೊದಲೇ ಬಿಡುವು ಬರುವಂತೆ ಕೆಲಸಗಳನ್ನು ತುಂಡು ಮಾಡಿ ವಾರದುದ್ದಕ್ಕೂ ಹರಡಿದರು. ನೋವು ಹೋಗಿಲ್ಲ, ಔಷಧಿಯೂ ನಿಂತಿಲ್ಲ, ಆದರೆ ಇಡೀ ದಿನ ಮಲಗಿಬಿಡುವ ಸ್ಥಿತಿ ಈಗ ಅಪರೂಪವಾಗಿದೆ. ಮರುಪರಿಶೀಲನೆಯಲ್ಲಿ ಅಡುಗೆಮನೆಯ ಕೆಲಸಗಳ ಅಂಕ ಸ್ಪಷ್ಟವಾಗಿ ಏರಿತ್ತು. ಸೀರೆಯ ನೆರಿಗೆಯದು ಅಷ್ಟಾಗಿ ಏರಲಿಲ್ಲ.

ಕೊರತೆಗಳೂ ಇವೆ. ಮನೆಗೆ ಬಂದು ನೋಡುವ ವ್ಯವಸ್ಥೆ ಇಲ್ಲದ ಕಾರಣ ಅಡುಗೆಕಟ್ಟೆಯ ಎತ್ತರ, ಬಚ್ಚಲುಮನೆಯ ಹಿಡಿಕೆಗಳ ಬಗ್ಗೆ ಫೋಟೋ ನೋಡಿಯೇ ಸಲಹೆ ಕೊಟ್ಟರು. ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳ ಹಾಳೆ ಇಂಗ್ಲಿಷಿನಲ್ಲಿ ಮಾತ್ರವಿದ್ದು, ಅದನ್ನು ದಿನವೂ ನೋಡಬೇಕಾದ ತಾಯಿಯವರಿಗೇ ಓದಲಾಗದು. ಇದನ್ನು ಆಸ್ಪತ್ರೆ ಕೂಡಲೇ ಸರಿಪಡಿಸಬೇಕು. ಕೀಲುಗಳು ಬಿಸಿಯೇರಿ ಊದಿಕೊಂಡಿದ್ದರೆ ಮೊದಲು ಸಂಧಿವಾತ ತಜ್ಞರನ್ನು ಕಾಣುವುದು ಸರಿ. ಸ್ಪ್ಲಿಂಟಿನ ಬೆಲೆ ಶುಲ್ಕದಲ್ಲಿ ಸೇರಿಲ್ಲವಾದ್ದರಿಂದ ಹೋಗುವವರು ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.